ಬಲಗಡೆಯ ಹೂವಿಗೆ ಹಚ್ಚಿದ ಮೇಣ

ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದೆ. ಎರಡು ಬೆರಳಿನ ನಡುವೆ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಈ ಕೆಲಸಕ್ಕೆ ಕೂತರೆ ನಡುವೆ ಏಳುವ ಹಾಗಿಲ್ಲ, ಕೈಯೆಲ್ಲ ಲೋಳೆ. ಆವತ್ತು ಕಾಳಿನಲ್ಲಿ ಹುಳ ಇರಲಿಲ್ಲ. ನಲ್ಲಿಯಲ್ಲಿ ನೀರು ಬೆಳಿಗ್ಗೆಯೇ ಬಂದಿತ್ತು. ಯಜಮಾನರು ತಿಂಡಿಯಲ್ಲಿ ಉಪ್ಪು ಕಮ್ಮಿ ಅನ್ನದೆ ಎದ್ದು ಹೋಗಿದ್ದರು. ಶಿವ ಒಂದು ದಿನಕ್ಕೆ ಇಷ್ಟು ಕೊಟ್ಟರೆ ನಾನು ದೂರು ಹೇಳುವವಳಲ್ಲ.

ಆಗ ಫೋನು ಬಂತು. ಸೆರಗಿಗೆ ಕೈ ಒರೆಸಿ, ಸ್ಪೀಕರಿಗೆ ಹಾಕಿ, ಮಣೆಯ ಮೇಲಿಟ್ಟೆ. ಗುಂಡ್ಲುಪೇಟೆಯಿಂದ ನನ್ನ ನಾದಿನಿ, ಯಜಮಾನರ ತಂಗಿ.

"ಅತ್ಗೆ, ಏನ್ ಮಾಡ್ತಿದ್ದೀರಿ?"

"ಅವರೆಕಾಳು ಇದುಕ್ತಾ ಕುಂತಿವ್ನಿ. ಬಾ ಊಟಕ್ಕೆ."

"ಊಟಕ್ಕೆ ನೀವೇ ಬರೋ ಕಾಲ ಬಂತು ಕಣತ್ಗೆ. ಮಗಳ್ಗೆ ಗಂಡು ಗೊತ್ತಾದಂಗೆ. ಮಾತೆಲ್ಲ ಮುಗುದದೆ. ಗಂಡಿನ ಅಜ್ಜಿ ಒಬ್ಳು ಅವ್ಳೆ, ಹಳೇ ಕಾಲ್ದೋಳು, ಊವ ಕೇಳ್ದೆ ಮುಂದಕ್ಕೋಗದೇ ಇಲ್ಲ ಅಂತ ಪಟ್ಟು ಇಡ್ದವ್ಳೆ. ಬರೋ ಸ್ವಾಮಾರ ಉಡಿಗಾಲದಲ್ಲೇ ಕೇಳ್ಬುಡನ ಅಂತ. ಊವ ಇಡೋಳು ನೀವೇಯ."

ಸಂತೋಷವೇ ಆಯಿತು. ಆ ಹುಡುಗಿಯನ್ನು ಕಂಡರೆ ನನಗೆ ಇಷ್ಟ. ರಜೆಗೆ ಬಂದಾಗ ನನ್ನ ಜೊತೆಗೇ ಪೂಜೆಗೆ ಕೂರುತ್ತಿದ್ದವಳು.

ಹೂವು ಕೇಳುವುದು ನಮ್ಮ ಕಡೆ ಹೊಸದಲ್ಲ. ಸಂಬಂಧ ಕುದುರಿದ ಮೇಲೆ, ಎರಡೂ ಮನೆಯವರು ಕೂತು, ದೇವರ ಬಲಕ್ಕೊಂದು ಎಡಕ್ಕೊಂದು ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಶಿವ ಒಪ್ಪಿದ. ಎಡಗಡೆಯದು ಬಿದ್ದರೆ ಒಲ್ಲೆ ಅಂದ, ಎಲೆ ಅಡಿಕೆ ಎತ್ತಿಕೊಂಡು ಏಳಬೇಕು. ಉಡಿಗಾಲದ ನಮ್ಮ ಹೊಲದಲ್ಲಿ ಒಂದು ಸಣ್ಣ ಗುಡಿ ಇದೆ, ಒಳಗೆ ಕರಿಕಲ್ಲಿನ ಲಿಂಗ. ಸುತ್ತಲಿನವರೂ ಅಲ್ಲಿಗೆ ಬಂದು ಕೇಳುತ್ತಾರೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಮಾತ್ರ ಬೇರೆ. ಅಯ್ಯನವರು ಅಭಿಷೇಕ, ಮಂಗಳಾರತಿ ಮಾಡುತ್ತಾರೆ. ಹೂವು ಇಡುವುದು ಮಾತ್ರ ಮದುವೆಯಾಗಿ ಹೊರಗೆ ಹೋದ ಮನೆಮಗಳು. ಹೊರಗೆ ಹೋದವಳಿಗೆ ಈ ಮನೆಯ ಲಾಭ ನಷ್ಟ ಬೇಕಿಲ್ಲ, ಅವಳ ಕೈ ನ್ಯಾಯದ ಕೈ ಅಂತ ಹಿರಿಯರು ಮಾಡಿದ್ದು. ಅವಳ ಸ್ವಂತ ಮಕ್ಕಳದೇ ಸಂಬಂಧವಾದರೆ ಆಗ ಹಿರಿಸೊಸೆ ಇಡಬೇಕು. ನಾನು ಈ ಮನೆಗೆ ಬಂದು ಇಷ್ಟು ಕಾಲವಾಯಿತು, ಆ ಹೂವು ನನ್ನ ಕೈಗೆ ಬರುವುದು ಇದೇ ಮೊದಲು.

"ಆಗ್ಲಿ ಕಣಮ್ಮಿ, ಮಡಿ ಉಟ್ಕೊಂಡು ಬತ್ತೀನಿ" ಅಂದೆ.

"ಅಂಗೇಯ ಇನ್ನೊಂದ್ ಮಾತು ಅತ್ಗೆ." ದನಿ ತಗ್ಗಿತು. "ಎಡಗಡೆ ಊವಿನ ತೊಟ್ಟಿಗೆ ಒಂಚೂರು ಮೇಣ ಅಚ್ಬುಡಿ. ಅವ್ವನ ಕುಂಕುಮದ ಭರಣೀಲಿ ಇನ್ನೂ ಅದೆ ನೋಡಿ. ಸಾಸಿವೆಕಾಳಷ್ಟು ಸಾಕು."

ನನ್ನ ಅತ್ತೆ ಹಳೆಯ ಕಾಲದವರು. ಹಣೆಗೆ ಮೊದಲು ಜೇನುಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಬಿಸಿಲಿನಲ್ಲಿ ಕಳೆ ಕಿತ್ತು ಬಂದರೂ ಕುಂಕುಮ ಅಲ್ಲಾಡುತ್ತಿರಲಿಲ್ಲ. ಅವರು ಹೋದ ಮೇಲೆ ಆ ಭರಣಿಯನ್ನು ನಾನು ದೇವರ ಗೂಡಿನಲ್ಲೇ ಇಟ್ಟಿದ್ದೆ.

ನನ್ನ ಕೈ ನಿಂತಿತು. ಆದರೂ ಬಾಯಿ ಸುಮ್ಮನೆ ಕೇಳಿತು: "ಅಷ್ಟರಲ್ಲಿ ನಿಲ್ತದಾ?"

"ನಿಲ್ದೆ ಏನತ್ಗೆ. ಬೆಳಿಗ್ಗೆ ಇಟ್ಟುದ್ದು ಸಂಜೆಗಂಟ ಅಳ್ಳಾಡ್ನಿಲ್ವಲ್ಲ ಅವತ್ತು..."

ಅವಳ ಮನೆಯಲ್ಲಿ ಯಾರೋ ಬಕೆಟ್ ಎಳೆದ ಸದ್ದು ಕೇಳಿಸಿತು. "ಕುಕ್ಕರ್ ಕೂಗ್ತಾ ಅದೆ, ಇಡ್ತೀನಿ" ಅಂದಳು. ಕುಕ್ಕರು ಕೂಗಿದ್ದು ನನಗೆ ಕೇಳಿಸಲಿಲ್ಲ.

ಬೆಳಿಗ್ಗೆ ಇಟ್ಟದ್ದು ಸಂಜೆಯವರೆಗೆ ಅಲ್ಲಾಡದ ಹೂವನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ವರ್ಷಗಳ ಹಿಂದೆ, ನನ್ನ ತಂಗಿಗೆ ಹೂವು ಕೇಳಿದಾಗ.

ಅದಕ್ಕೆ ಮೊದಲು ಆ ಕಾದಂಬರಿಯ ಮಾತು ಹೇಳಬೇಕು. ಅದು ಇಲ್ಲದಿದ್ದರೆ ಫೋನಿನಲ್ಲಿ ಕೇಳಿದ್ದನ್ನು ನಾನು ಅವರೆಸಿಪ್ಪೆಯ ಜೊತೆಗೆ ಗುಡಿಸಿ ಹಾಕುತ್ತಿದ್ದೆನೋ ಏನೋ. ಚಾಮರಾಜನಗರದ ನಮ್ಮ ಬೀದಿಯ ಕೆಲವು ಹೆಂಗಸರು ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಮ್ಮ ಜಗಲಿಯಲ್ಲಿ ಸೇರುತ್ತೇವೆ. ಮೊದಲು ವಚನ ಓದುತ್ತೇವೆ, ಆಮೇಲೆ ಯಾರಾದರೂ ಕತೆ ಓದುತ್ತಾರೆ. ಆ ಚಳಿಗಾಲ ಎದುರುಮನೆಯಾಕೆ ಗ್ರಂಥಾಲಯದಿಂದ ದಪ್ಪದೊಂದು ಹಳೆಯ ಕಾದಂಬರಿ ತಂದಿದ್ದರು. ರಟ್ಟೂ ಇಲ್ಲ, ಮೊದಲ ಹಾಳೆಗಳೂ ಇಲ್ಲ. ಬಹಳ ಹೆಸರು ಮಾಡಿದ ಪುಸ್ತಕವಂತೆ, ಒಂದು ಕಾಲದಲ್ಲಿ ಮನೆಮನೆಯಲ್ಲೂ ಓದುತ್ತಿದ್ದರಂತೆ. ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ.

ಅದರ ತುಂಬ ಮೋಸ. ಒಂದು ದೊಡ್ಡ ಮನೆ, ಅದರಲ್ಲಿ ಒಬ್ಬರಾದ ಮೇಲೆ ಒಬ್ಬರು ಮೋಸ ಮಾಡುತ್ತಾರೆ. ಅಪ್ಪ ಕಾಯಿಲೆ ಬಿದ್ದವನ ಹಾಗೆ ನಟಿಸಿ ಮುನಿಸಿಕೊಂಡ ಮಗನನ್ನು ಕರೆಸಿಕೊಳ್ಳುತ್ತಾನೆ. ಅದೇ ಮಗ ಮುಂದೆ ಭೂಮಿ ಬರೆಸಿಕೊಂಡು, ನಾನು ಬರೆಸಿಕೊಂಡಿಲ್ಲ ಅಂತ ಉರಿಯುವ ದೀಪ ಮುಟ್ಟಿ ಆಣೆ ಇಡುತ್ತಾನೆ. ಆ ಮನೆಯಲ್ಲಿ ದೀಪ ಮುಟ್ಟಿದವನ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಮೊದಲು ನಾವು ನಗುತ್ತಿದ್ದೆವು, ಇವತ್ತು ಯಾರ ಸರದಿ ಅಂತ. ಮೂಲೆಮನೆಯಾಕೆಗೆ ರೇಗುತ್ತಿತ್ತು: "ಎಲ್ಲಾರೂ ಇಂಗೆ ಟೋಪಿ ಆಕುಸ್ಕೊಂಡ್ರೆ ಎಂಗೆ? ಆ ಮನೇಲಿ ಒಬ್ರಿಗಾದ್ರೂ ತಲೆ ಬ್ಯಾಡ್ವಾ?"

ನನಗೆ ಓದುತ್ತ ಓದುತ್ತ ಒಂದು ವಿಷಯ ಕಂಡಿತು. ಅಲ್ಲಿ ಯಾರಿಗೂ ತಲೆ ಇಲ್ಲದೆ ಇಲ್ಲ. ಅವರು ಎಲ್ಲಿ ಹುಷಾರಾಗಿರುತ್ತಾರೋ ಅಲ್ಲಿ ಮೋಸ ನಡೆಯುವುದಿಲ್ಲ. ಅಪ್ಪನ ಕಾಯಿಲೆ, ದೀಪದ ಆಣೆ, ತಾಯಿಯ ಕಣ್ಣೀರು, ಇಂಥ ಕಡೆ ನಡೆಯುತ್ತದೆ. ಅನುಮಾನಪಟ್ಟರೆ ಪಾಪ ಬರುತ್ತದೆ ಅಂತ ಅವರು ನಂಬಿರುವ ಜಾಗ ಯಾವುದೋ, ಮೋಸ ಮಾಡುವವರು ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾರೆ. ಹೊರಗಿನಿಂದ ಏನನ್ನೂ ತರುವುದಿಲ್ಲ. ಮನೆಯಲ್ಲಿದ್ದ ಭಕ್ತಿಯನ್ನೇ ತೆಗೆದುಕೊಂಡು ಅದರಲ್ಲೇ ಕೊಯ್ಯುತ್ತಾರೆ. ಇದನ್ನು ಹೇಳಿದಾಗ ಎದುರುಮನೆಯಾಕೆ "ನೀವು ಬಿಡಿ, ಮೇಷ್ಟ್ರಾಗಬೇಕಿತ್ತು" ಅಂತ ನಕ್ಕರು. ನಾನೂ ನಕ್ಕೆ. ಅದಾದ ವಾರದೊಳಗೇ ಫೋನು ಬಂದದ್ದು.

ನನ್ನ ತಂಗಿಗೆ ನೋಡಿದ್ದ ಹುಡುಗ ಯಜಮಾನರ ಚಿಕ್ಕಪ್ಪನ ಮಗ. ಚಂದಕವಾಡಿಯಲ್ಲಿ ಪಂಪುಸೆಟ್ಟಿನ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಅಕ್ಕತಂಗಿ ಒಂದೇ ಮನೆತನಕ್ಕೆ ಸೇರುತ್ತಾರೆ ಅಂತ ನಮ್ಮ ತಾಯಿ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದರು. ಅವನೂ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಒಪ್ಪಿದ್ದಳು ಅಂದರೆ ಅವನ ಅಂಗಡಿಯ ಮುಂದೆ ಬಸ್ಸು ಹೋಗುವಾಗ ಕಿಟಕಿಯ ಕಡೆ ಸೀಟು ಹಿಡಿಯುತ್ತಿದ್ದಳು. ಹೂವು ಕೇಳುವುದೊಂದು ಬಾಕಿ ಇತ್ತು.

ಆ ದಿನ ಹೂವು ಇಟ್ಟವಳು ನಾದಿನಿ. ಎರಡು ಬಿಳಿ ಕಣಗಿಲೆ. ನಾವು ಶಿವನಾಮ ಹೇಳುತ್ತ ಕೂತೆವು. ಎಡಗಡೆಯದು ಜಾರಿ ಬಿತ್ತು. ನಮ್ಮ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ಬಲಗಡೆಯದು ಹಾಗೇ ನಿಂತಿತ್ತು, ದೀಪ ಹಚ್ಚುವ ಹೊತ್ತಿಗೂ ನಿಂತಿತ್ತು, ಬಾಡಿ ಕಂದಿದರೂ ಬೀಳಲಿಲ್ಲ. ಕಂಡವರೆಲ್ಲ ಶಿವ ಎಷ್ಟು ಗಟ್ಟಿಯಾಗಿ ಒಲ್ಲೆ ಅಂದಿದ್ದಾನೆ ನೋಡಿ ಅಂದರು. ನಾದಿನಿ ನನ್ನ ಕೊರಳು ತಬ್ಬಿಕೊಂಡು ಅತ್ತಳು. "ಅವ್ನೇ ಬ್ಯಾಡ ಅಂದ್ಮೇಲೆ ನಾವ್ಯಾರತ್ಗೆ" ಅಂದಳು. ನಾನು ಅವಳಿಗೆ ಕಾಫಿ ಮಾಡಿಕೊಟ್ಟೆ.

ಅದೇ ಸಾಲಿನಲ್ಲಿ ಆ ಹುಡುಗನಿಗೆ ನಾದಿನಿಯ ಗಂಡನ ತಂಗಿಯನ್ನು ತಂದುಕೊಂಡರು. ಆಗಲೂ ಹೂವು ಇಟ್ಟವಳು ಇವಳೇ. ಬಲಗಡೆಯದು ಬಿತ್ತು. ನಾನು ಆ ಮದುವೆಯಲ್ಲಿ ಒಬ್ಬಟ್ಟು ಬಡಿಸಿದೆ.

ಮದುವೆ ತಪ್ಪುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅದಕ್ಕೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಆದರೆ ಉಡಿಗಾಲದ ದೇವರು ಒಲ್ಲೆ ಅಂದ ಹುಡುಗಿ ಅಂತ ಹೆಸರು ಬಿತ್ತು. ಬಂದ ಗಂಡುಗಳು ಆ ಮಾತು ಕಿವಿಗೆ ಬಿದ್ದ ಕೂಡಲೆ ಹಿಂದಕ್ಕೆ ಹೋದವು. ಕೊನೆಗೆ ಗುಂಡ್ಲುಪೇಟೆಯ ಆಚೆ, ಮದ್ದೂರಿನ ಕಡೆ, ಕಾಡಿನ ಅಂಚಿನಲ್ಲಿ ಹೊಲ ಇರುವ ಒಬ್ಬ ವಿಧುರನಿಗೆ ಕೊಟ್ಟೆವು. ಆತ ಒಳ್ಳೆಯವನು, ಕುಡಿಯುವುದಿಲ್ಲ, ಅದೊಂದು ಪುಣ್ಯ. ಚೆಂಡುಹೂವು ಬೆಳೆಯುತ್ತಾರೆ. ಆನೆ ಬಂದ ವರ್ಷ ಇಲ್ಲ, ಬಾರದ ವರ್ಷ ಉಂಟು.

ತಂಗಿ ಮಾತ್ರ ಅವತ್ತಿನಿಂದ ಪೂಜೆಗೆ ಕೂರುವುದನ್ನು ಬಿಟ್ಟಳು. ಕೊರಳಲ್ಲಿ ಲಿಂಗ ಇದೆ, ಕೈಗೆ ತೆಗೆದುಕೊಳ್ಳುವುದಿಲ್ಲ. ಹಬ್ಬದ ದಿನ ನಾವೆಲ್ಲ ವಿಭೂತಿ ಹಚ್ಚಿಕೊಂಡು ಕೂತರೆ ಅವಳು ಹಿತ್ತಲಿನಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ. ಒಂದು ಸಲ ನಾನು ಗದರಿಸಿದ್ದಕ್ಕೆ ಹೇಳಿದ್ದಳು: "ನನ್ ಮೊಕ ಕಂಡ್ರೆ ಆಗಕಿಲ್ಲ ಅಂತ ಅವ್ನೇ ಯೋಳವ್ನೆ ಅಕ್ಕ, ಎಲ್ಲಾರ ಮುಂದೆ. ಬ್ಯಾಡ ಅಂದೋರ ಮನೆ ಬಾಗಿಲ್ಗೆ ನಾ ಯಾಕೆ ಓಗ್ಲಿ?"

ಅವಳ ಗಂಡನ್ನು ಕಿತ್ತುಕೊಂಡದ್ದನ್ನು ನಾನು ನಾದಿನಿಗೆ ಬಿಟ್ಟರೂ ಬಿಡಬಹುದಿತ್ತು. ಅವಳ ಶಿವನನ್ನು ಕಿತ್ತುಕೊಂಡದ್ದನ್ನು ಬಿಡುವವಳಲ್ಲ. ಸಾಸಿವೆಕಾಳಷ್ಟು ಮೇಣದಲ್ಲಿ ಕಿತ್ತುಕೊಂಡಳು, ಅದೂ ನನ್ನ ಅತ್ತೆಯ ಹಣೆಯ ಮೇಣದಲ್ಲಿ.

ಅವರೆಬೇಳೆ ಸಾರು ಆವತ್ತು ಹೇಗೆ ಮಾಡಿದೆನೋ ಗೊತ್ತಿಲ್ಲ. ಯಜಮಾನರು ಎರಡು ಸಲ ಬಡಿಸಿಕೊಂಡರು. ಅವರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ, ಹಳೇದು ಬಿಡು, ಮಗು ಮದುವೆ ಎದುರಿಗಿದೆ ಅನ್ನುತ್ತಿದ್ದರು. ಗಂಡಸರಿಗೆ ತಂಗಿಯರ ವಿಷಯದಲ್ಲಿ ಎಲ್ಲವೂ ಬೇಗ ಹಳೆಯದಾಗುತ್ತದೆ. ಫೋನು ಮಾಡಿ ಛೀಮಾರಿ ಹಾಕಿದರೆ ನಾದಿನಿ ನಾನು ಹಾಗೆ ಹೇಳಲೇ ಇಲ್ಲ ಅನ್ನುತ್ತಾಳೆ. ಆಮೇಲೆ ಸುಳ್ಳುಬುರುಕಿ ನಾನಾಗುತ್ತೇನೆ, ಮದುವೆ ಕೆಡಿಸಲು ಬಂದವಳಾಗುತ್ತೇನೆ.

ಬಲಗಡೆಯದಕ್ಕೆ ಮೇಣ ಹಚ್ಚಿಬಿಡಲೇ ಅಂತ ಅನ್ನಿಸದೆ ಇರಲಿಲ್ಲ. ಭರಣಿಯ ಮುಚ್ಚಳ ತೆಗೆದೂ ನೋಡಿದೆ. ಮೇಣ ಕಪ್ಪಗಾಗಿ ತಳದಲ್ಲಿ ಕೂತಿತ್ತು, ಅದರಲ್ಲೊಂದು ಉಗುರಿನ ಗೀರು. ಯಾರ ಉಗುರೋ ಏನೋ. ಅತ್ತೆಯದೂ ಇರಬಹುದು. ಮುಚ್ಚಿಟ್ಟೆ. ಆ ಹುಡುಗಿ ನನಗೇನು ಮಾಡಿದ್ದಾಳೆ? ಅದೂ ಅಲ್ಲದೆ ಲಿಂಗದ ಮೇಲೆ ಮೇಣ ಹಚ್ಚುವ ಕೈ ನನ್ನದಲ್ಲ.

ದಾರಿ ತೋರಿಸಿದ್ದು ಆ ಕಾದಂಬರಿಯೇ. ಅದರಲ್ಲೊಬ್ಬಳು ಮುದುಕಿ ಬರುತ್ತಾಳೆ. ಮನೆಯಲ್ಲಿ ಒಡವೆ ಕಳುವಾಗಿರುತ್ತದೆ, ಎಲ್ಲರೂ ಆಣೆ ಇಟ್ಟು ಇಟ್ಟು ಸುಸ್ತಾಗಿರುತ್ತಾರೆ. ಮುದುಕಿ ತಣ್ಣಗೆ ಊಟದ ಹೊತ್ತಿನಲ್ಲಿ "ಒಡವೆ ಸಿಕ್ಕಿತು ಬಿಡಿ" ಅನ್ನುತ್ತಾಳೆ. ಸಿಕ್ಕಿರುವುದಿಲ್ಲ. ಕದ್ದವನು ಮಾತ್ರ ಅನ್ನ ಬಿಟ್ಟು, ಬಚ್ಚಿಟ್ಟ ಜಾಗ ನೋಡಲು ಓಡುತ್ತಾನೆ. ಅಷ್ಟು ಮೋಸಗಳ ನಡುವೆ ಅದೊಂದು ಸುಳ್ಳಿಗೆ ನಾವು ಜಗಲಿಯವರೆಲ್ಲ ಚಪ್ಪಾಳೆ ಹೊಡೆದಿದ್ದೆವು. ಆ ಪುಸ್ತಕದ ಕೊನೆಯಲ್ಲಿ ಮೋಸ ಹೋದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಕ್ಷಮಿಸುತ್ತಾರೆ. ಅದು ನನಗೆ ಹಿಡಿಸಲಿಲ್ಲ. ಮುದುಕಿಯೇ ಹಿಡಿಸಿದಳು.

ತಂಗಿಗೆ ಫೋನು ಮಾಡಿ, ಸೋಮವಾರ ಉಡಿಗಾಲದಲ್ಲಿ ಅಡುಗೆಗೆ ಜನ ಸಾಲದು, ಬಾ ಅಂದೆ. "ಗುಡಿ ಒಳೀಕೆ ಬರಾಕಿಲ್ಲ" ಅಂದಳು. "ಬರ್ಬ್ಯಾಡ, ಪಾತ್ರೆ ಹತ್ರ ಇರು" ಅಂದೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಅದೂ ಒಂದು ಪುಣ್ಯವೇ. ಭಾನುವಾರ ಸಂಜೆ ಚೆಂಡುಹೂವಿನ ಚೀಲ ಹಿಡಿದುಕೊಂಡು ಬಂದಿಳಿದಳು.

ಸೋಮವಾರ ಗಂಡಿನ ಕಡೆಯವರು ಎರಡು ಕಾರಿನಲ್ಲಿ ಬಂದರು. ಅಜ್ಜಿ ಸಣ್ಣಗಿದ್ದಳು, ಕಣ್ಣು ಮಾತ್ರ ಎಲ್ಲ ಕಡೆ ಹರಿಯುತ್ತಿತ್ತು. ಬಂದವಳೇ ನಮ್ಮ ಒಲೆಯ ಹತ್ತಿರ ನಿಂತು, "ಯಾರವ್ವ ನೀನು, ಈ ಪಾಟಿ ತೆಂಗಿನಕಾಯಿ ಸುರೀತಿದ್ದೀಯೆ?" ಅಂತ ನನ್ನ ತಂಗಿಯನ್ನು ಕೇಳಿದಳು. "ಈ ಮನೆ ಸೊಸೆ ತಂಗಿ" ಅಂದಳು ಇವಳು. "ಸುರಿ ಸುರಿ. ಗಂಡಿನೋರ್ ಮನೇಲಿ ಇಷ್ಟು ಆಕುದ್ರೆ ನಾನೇ ಬಯ್ತೀನಿ, ಹೆಣ್ಣಿನೋರ್ದಲ್ವಾ" ಅಂತ ನಗಿಸಿ ಹೋದಳು.

ನಾದಿನಿ ರೇಷ್ಮೆ ಸೀರೆ ಉಟ್ಟು ಓಡಾಡುತ್ತಿದ್ದಳು. ತಂಗಿಯನ್ನು ಕಂಡು ಒಂದು ಗಳಿಗೆ ನಿಂತು, ಆಮೇಲೆ ನಕ್ಕು, "ಬಂದ್ಯಾ, ಒಳ್ಳೇದಾಯ್ತು ಬುಡು" ಅಂದಳು. ನನ್ನನ್ನು ಕಣ್ಣಿನಲ್ಲೇ ಕೇಳಿದಳು, ತಂದಿದ್ದೀರಾ ಅಂತ. ನಾನು ತಲೆಯಾಡಿಸಿದೆ.

ಅಯ್ಯನವರು ಅಭಿಷೇಕ ಮುಗಿಸಿ ನನ್ನನ್ನು ಕರೆದರು. ನಾನು ಕೈ ತೊಳೆದು, ವಿಭೂತಿ ಹಚ್ಚಿಕೊಂಡು, ಎರಡು ಬಿಳಿ ಕಣಗಿಲೆ ಆರಿಸಿದೆ, ಒಂದೇ ಅಳತೆಯವು. ಚೊಂಬಿನ ನೀರಿನಲ್ಲಿ ಅದ್ದಿದೆ. ನೀರು ಬಿಟ್ಟು ಬೇರೇನೂ ಇಲ್ಲ. ಒಂದು ಬಲಕ್ಕೆ, ಒಂದು ಎಡಕ್ಕೆ ಇಟ್ಟು, ಶಿವನೇ ನಿನಗೆ ಬೇಕಾದ್ದು ನೀನು ಮಾಡು, ನನಗೆ ಬೇಕಾದ್ದು ನಾನು ಮಾಡುತ್ತೇನೆ ಅಂತ ಕೈ ಮುಗಿದೆ. ಹಿಂದೆ ಬಂದು ನಾದಿನಿಯ ಪಕ್ಕದಲ್ಲೇ ಕೂತು, ಅವಳ ಸೆರಗು ಸರಿಮಾಡುವವಳ ಹಾಗೆ ಬಗ್ಗಿದೆ.

"ಮೇಣ ಅಚ್ಚಿವ್ನಿ ಕಣಮ್ಮಿ" ಅಂದೆ ಕಿವಿಯಲ್ಲಿ. "ಬಲಗಡೇದಕ್ಕೆ. ನನ್ ತಂಗಿಗೆ ನೀ ಅಚ್ಚಿದ್ದಂಗೆ."

ಅವಳು ನನ್ನ ಕಡೆ ತಿರುಗಲಿಲ್ಲ. ಕುತ್ತಿಗೆಯ ನರ ಮಾತ್ರ ಎದ್ದು ನಿಂತಿತು. ನಾನು ಕೈ ಜೋಡಿಸಿಕೊಂಡು ಎಲ್ಲರ ಜೊತೆ ಶಿವನಾಮ ಹೇಳತೊಡಗಿದೆ.

ಆ ಹೊತ್ತನ್ನು ನಾನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಕೆಟ್ಟವಳು ಅನ್ನುವವರು ಅನ್ನಲಿ. ಅವಳ ಮುಂದೆ ಇದ್ದದ್ದು ಎರಡೇ ದಾರಿ. ಬಾಯಿ ಮುಚ್ಚಿಕೊಂಡು ಕೂತರೆ ಎಡಗಡೆಯದು ಬಿದ್ದು, ಮಗಳಿಗೆ ದೇವರು ಒಲ್ಲೆ ಅಂದವಳು ಅಂತ ಹೆಸರು ಬರುತ್ತದೆ. ಬಾಯಿ ಬಿಟ್ಟರೆ ಮೇಣದ ಕತೆ ಹೊರಗೆ ಬರುತ್ತದೆ. ನನ್ನ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡ ಜಾಗದಲ್ಲೇ ಇವಳು ಕೂತಿದ್ದಳು. ಬೆವರು ಕಿವಿಯ ಹಿಂದಿನಿಂದ ಇಳಿದು ರೇಷ್ಮೆ ರವಿಕೆಗೆ ಸೇರುವುದನ್ನು ನೋಡುತ್ತ ನಾನು ಶಿವನಾಮ ತಪ್ಪಿಸಲಿಲ್ಲ.

ಹೂವುಗಳು ಸುಮ್ಮನಿದ್ದವು. ಬಾಗಿಲ ಕಡೆಯಿಂದ ಗಾಳಿ ಬಂತು. ಎಡಗಡೆಯ ಎಸಳು ಒಂದು ಸಲ ಅದುರಿತು.

"ನಿಲ್ಸಿ" ಅಂದಳು ನಾದಿನಿ. ಎದ್ದು ನಿಂತಿದ್ದಳು. "ಅಯ್ನೋರೆ, ಆ ಬಲಗಡೆ ಊವ ನೋಡಿ. ಮೇಣ ಅಚ್ಚವ್ರೆ ಅದಕ್ಕೆ."

ಅಯ್ಯನವರು ನನ್ನ ಮುಖ ನೋಡಿದರು. ನಾನು "ನೋಡಿ ಸ್ವಾಮಿ" ಅಂದೆ. ಅವರು ಎರಡೂ ಹೂವು ತೆಗೆದು, ತೊಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಲಿಂಗದ ಮೈಯನ್ನೂ ಸವರಿ ನೋಡಿದರು. "ನೀರು ತಾಯಿ. ಬರೀ ನೀರು" ಅಂದರು.

ಅಜ್ಜಿ ಕೂತಲ್ಲಿಂದಲೇ ಕೇಳಿದಳು: "ಮೇಣ ಅಂತಲೇ ನಿಂಗೆಂಗೆ ಒಳೀತು ಮಗ? ಅಂಟು ಅನ್ಬೋದಿತ್ತು, ಅರಗು ಅನ್ಬೋದಿತ್ತು."

"ಅತ್ಗೆನೇ ಯೋಳುದ್ರು. ಈಗ. ಕಿವೀಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಯಜಮಾನರ ಮುಖ ಕೆಂಪಾಗಿತ್ತು.

"ಯೋಳ್ದೆ" ಅಂದೆ. "ನನ್ ತಂಗಿಗೆ ಇವ್ಳು ಅಚ್ಚಿದ್ದಂಗೆ ಇವಳ್ ಮಗಳ್ಗೂ ಅಚ್ಚಿವ್ನಿ ಅಂತ ಯೋಳ್ದೆ. ಅಚ್ನಿಲ್ಲ, ನೀವೇ ನೋಡುದ್ರಿ. ಮೊನ್ನೆ ಫೋನಲ್ಲಿ ಎಡಗಡೇದಕ್ಕೆ ಅಚ್ಚು ಅಂತ ನಂಗೇ ಯೋಳ್ಕೊಟ್ಟೋಳು ಇವ್ಳು. ನಾ ಸುಳ್ಳು ಯೋಳ್ತಿದ್ರೆ ಲಿಂಗ ಮುಟ್ಟಿ ಇಲ್ಲ ಅನ್ಲಿ."

ಯಜಮಾನರು "ಏ, ಸಾಕು ಬುಡು" ಅಂದರು. ಯಾರೂ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಹುಡುಗಿ ಮಾತ್ರ ಎದ್ದು ಬಂದು ತಾಯಿಯ ಎದುರಿಗೆ ನಿಂತಳು. "ಮುಟ್ಟವ್ವ" ಅಂದಳು. "ಇಲ್ಲ ಅಂದು ಮುಟ್ಬುಡು, ಅತ್ತೆ ಬಾಯಿ ಮುಚ್ಕೋತಾರೆ."

ನಾದಿನಿ ಲಿಂಗದ ಕಡೆಗೆ ಕೈ ಚಾಚಿದಳು. ಕಾದಂಬರಿಯ ಆ ಮಗ ದೀಪ ಮುಟ್ಟಿದ್ದ. ಇವಳ ಕೈ ಅರ್ಧಕ್ಕೆ ನಿಂತಿತು. ಅವನಿಗಿಂತ ಇವಳು ವಾಸಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನನ್ನ ತಂಗಿಯ ವಿಷಯಕ್ಕೆ ಅದೇ ಲಿಂಗಕ್ಕೆ ಮೇಣ ಮೆತ್ತಿದವಳು ಇವಳು. ಇವತ್ತು ತನ್ನ ಮಗಳು ಎದುರಿಗಿದ್ದಳು, ಅಷ್ಟೇ ವ್ಯತ್ಯಾಸ.

ಕೈ ಹಿಂದಕ್ಕೆ ಬಂತು. "ಒಂದೇ ಸಲ ಅತ್ಗೆ" ಅಂದಳು. "ಅದೊಂದೇ ಸಲ. ನಮ್ಮೆಜಮಾನರ ತಂಗಿಗೆ ಎಲ್ಲೂ ಕೂಡ್ತಿರ್ನಿಲ್ಲ, ದಿನಾ ನನ್ನೇ ಬಯ್ಯೋರು."

ಗಂಡನ ತಂಗಿಗೆ ಕೇಳಿದ ಎರಡನೆಯದರ ಲೆಕ್ಕ ಶಿವನಿಗೆ ಗೊತ್ತು. ನನಗೆ ಒಂದು ಸಾಕಾಗಿತ್ತು. ನಾನು ಹೊರಗೆ ಹೋಗಿ ತಂಗಿಯ ಕೈ ಹಿಡಿದು ಎಳೆದುಕೊಂಡು ಬಂದೆ. ತೆಂಗಿನತುರಿ ಇನ್ನೂ ಅವಳ ಬೆರಳಿನಲ್ಲಿತ್ತು. ಹೊಸಲಿನಲ್ಲಿ ನಿಂತುಬಿಟ್ಟಳು, ಒಳಗೆ ಬರಲಿಲ್ಲ.

"ಇವಳ್ ಮೊಕ ನೋಡ್ಕೊಂಡು ಇನ್ನೊಂದ್ಸಲ ಯೋಳು" ಅಂದೆ ನಾದಿನಿಗೆ.

"ಅತ್ಗೆ, ಸಾಕು."

"ನಂಗೆ ಸಾಕು. ಇವಳ್ಗೆ ಕೇಳ್ನಿಲ್ಲ. ಯೋಳು."

ಹೇಳಿದಳು. ಬಲಗಡೆ ಹೂವಿಗೆ ನಾನೇ ಮೇಣ ಹಚ್ಚಿದ್ದೆ ಕಣವ್ವ ಅಂತ, ನೆಲ ನೋಡಿಕೊಂಡು ಹೇಳಿದಳು. ತಲೆ ಎತ್ತಿ ಹೇಳು ಅಂದೆ. ತಲೆ ಎತ್ತಿ ಹೇಳಿದಳು. ಇಷ್ಟು ಜನರ ಮುಂದೆ ಅದೊಂದು ಮಾತನ್ನು ಅವಳ ಬಾಯಿಂದ ಮೂರನೇ ಸಲವೂ ಹೇಳಿಸುತ್ತಿದ್ದೆನೋ ಏನೋ, ಅಜ್ಜಿ ಕೋಲೂರಿಕೊಂಡು ಎದ್ದಳು.

"ಹುಡ್ಗಿ ನಮ್ಗೆ ಒಪ್ಗೆ" ಅಂದಳು. "ಅವ್ವನ ಎದ್ರುಗೆ ನಿಂತು ಲಿಂಗ ಮುಟ್ಟು ಅಂದೋಳು, ಇಂಥೋಳು ಸಿಕ್ಕಕಿಲ್ಲ. ಊವ ಮಾತ್ರ ನಮ್ಮೂರಲ್ಲೇ ಕೇಳ್ಕತೀವಿ. ಈ ಗುಡೀಲಿ ಕೇಳಾಕಿಲ್ಲ."

ಆ ಕೊನೆಯ ಮಾತು ಯಜಮಾನರಿಗೆ ಚುಚ್ಚಿತು. ಕಾರುಗಳು ಹೋದ ಮೇಲೆ ನನ್ನ ಹತ್ತಿರ ಬಂದು, "ಮನೆದೇವ್ರ ಮರ್ವಾದೆ ತೆಗುದ್ಯಲ್ಲೇ" ಅಂದರು. "ತೆಗುದೋಳು ನಾನಲ್ಲ. ತೆಗುದಿದ್ದ ತೋರುಸ್ದೋಳು" ಅಂದೆ. ಆಮೇಲೆ ಹಲವು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಊಟದ ಮೇಲಿನ ಕೋಪ ಅಲ್ಲವಲ್ಲ, ಅದಕ್ಕೆ ಮೂರು ಹೊತ್ತೂ ಉಂಡರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಂಡಿನವರು ತಮ್ಮ ಊರಿನ ದೇವಸ್ಥಾನದಲ್ಲಿ ಕೇಳಿದರು, ಬಲಗಡೆ ಆಯಿತು. ಗುಂಡ್ಲುಪೇಟೆಯಲ್ಲಿ ಮದುವೆ. ನಾದಿನಿ ಕರೆಯೋಲೆ ಕೊಡಲು ತಾನು ಬರಲಿಲ್ಲ, ಗಂಡನನ್ನು ಕಳಿಸಿದಳು. ನಾನು ಹೋದೆ. ಮೊದಲ ಪಂಕ್ತಿಯಲ್ಲೇ ಕೂತೆ. ಪಾಯಸ ಬಡಿಸಲು ಬಂದ ನಾದಿನಿ ನನ್ನ ಎಲೆ ದಾಟಿ ಹೋಗಲಾರದೆ ಬಡಿಸಿದಳು, ಸೌಟು ಎಲೆಗೆ ತಾಗಿ ಚೆಲ್ಲಿತು. ನಾನು ಪೂರ್ತಿ ತಿಂದೆ. ಹುಡುಗಿಯ ತಲೆ ಮೇಲೆ ಕೈಯಿಟ್ಟು ಮನಸ್ಸು ಬಿಚ್ಚಿ ಹರಸಿದೆ. ಎರಡೂ ನಿಜ.

ಆ ಸೋಮವಾರ ಮಧ್ಯಾಹ್ನ ನಾನೂ ತಂಗಿಯೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹಿಂದಿರುಗಿದೆವು. ಇಬ್ಬರಿಗೂ ಸೀಟು ಸಿಕ್ಕಿತ್ತು. ನಾನು ಗೆದ್ದವಳ ಹಾಗೆ ಕೂತಿದ್ದೆ. ಅವಳು ಅಳುತ್ತಾಳೆ, ನನ್ನ ತೋಳು ಹಿಡಿದುಕೊಳ್ಳುತ್ತಾಳೆ, ಅಕ್ಕ ಎಂಥ ಕೆಲಸ ಮಾಡಿದೆ ಅನ್ನುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ಬೆರಳಿಗೆ ಒಣಗಿ ಅಂಟಿದ್ದ ತೆಂಗಿನತುರಿ ಬಿಡಿಸಿಕೊಳ್ಳುತ್ತ ಹೊರಗೆ ನೋಡುತ್ತಿದ್ದಳು. ಅರಿಶಿನದ ಹೊಲಗಳು ಒಣಗಿ ಕೀಳಲು ಬಂದಿದ್ದವು.

"ಅಕ್ಕ" ಅಂದಳು. "ಅಂಗಾದ್ರೆ ಅವತ್ತು ಯಾವ ಊವ ಬೀಳ್ತಿತ್ತು?"

ಬಲಗಡೆಯದು ಅಂತ ನಾಲಿಗೆಯ ತುದಿಗೆ ಬಂತು. ಒಂದು ಸುಳ್ಳನ್ನು ಬೆಳಿಗ್ಗೆಯೇ ಹೇಳಿದ್ದೆ, ಇನ್ನೊಂದು ಹೇಳಲು ಕಷ್ಟವಿರಲಿಲ್ಲ. ಆದರೆ ಬೆಳಿಗ್ಗೆಯ ಸುಳ್ಳು ನಾದಿನಿಗೆ ಹೇಳಿದ್ದು. ಇದು ಶಿವನ ಬಾಯಿಗೆ ನಾನು ಮಾತು ತುರುಕಿದಂತೆ. ನಾದಿನಿ ಮಾಡಿದ್ದೂ ಅದನ್ನೇ ಅಲ್ಲವೇ?

"ಗೊತ್ತಿಲ್ಲ ಕಣಮ್ಮಿ" ಅಂದೆ. "ಅದ್ನೂ ಅವ್ಳೇ ತಿಂದ್ಕೊಂಡ್ಳು."

ತಂಗಿ ಮತ್ತೆ ಕಿಟಕಿಯ ಕಡೆ ತಿರುಗಿದಳು. ಊರು ಹತ್ತಿರವಾದಾಗ, "ಅಂಗಾದ್ರೆ ಅವ್ನು ನಂಗೆ ಇನ್ನೂ ಏನೂ ಯೋಳಿಲ್ಲ" ಅಂದಳು. ಅಷ್ಟೇ. ಅದನ್ನು ದುಃಖದಲ್ಲಿ ಅಂದಳೋ ಸಮಾಧಾನದಲ್ಲಿ ಅಂದಳೋ ನಾನು ಕೇಳಲಿಲ್ಲ. ಶಿವ ತನಗೆ ಒಲ್ಲೆ ಅನ್ನಲಿಲ್ಲ ಅನ್ನುವಷ್ಟನ್ನು ಇಟ್ಟುಕೊಂಡಳು. ಮಿಕ್ಕದ್ದನ್ನು ತಂದುಕೊಡುವುದು ನನ್ನ ಕೈಲಿರಲಿಲ್ಲ. ಅದಕ್ಕಾಗಿ ನಾದಿನಿಯ ಮೇಲಿನ ನನ್ನ ಸಿಟ್ಟು ಇವತ್ತಿಗೂ ಬಿಸಿಯಾಗಿಯೇ ಇದೆ, ಆರಿಸಲು ನಾನು ಹೋಗಿಲ್ಲ.

ಮನೆಗೆ ಬಂದು ಕಾಲು ತೊಳೆದೆವು. ತಂಗಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಹೋಗುವ ಮೊದಲು ನೆನೆ ಹಾಕಿದ್ದ ಅಕ್ಕಿ, ಉದ್ದು ಉಬ್ಬಿ ಪಾತ್ರೆಯ ಬಾಯಿಗೆ ಬಂದಿದ್ದವು. ಪುಣ್ಯಕ್ಕೆ ಕರೆಂಟು ಇತ್ತು. ನೀರು ಬಸಿದು, ಮೊದಲು ಉದ್ದನ್ನು ಗ್ರೈಂಡರಿಗೆ ಹಾಕಿದೆ.